ತಲೆಕೆಳಗಾಗಿ ಇಟ್ಟಿದ್ದ ಫೈಲುಗಳು

ನನಗೆ ಓರೆಕೋರೆ ಕಂಡರೆ ಆಗುವುದಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಕ್ಯಾಲೆಂಡರ್ ವಾಲಿದ್ದರೆ ಎದ್ದು ಸರಿಮಾಡಿಯೇ ಕಾಫಿ ಕುಡಿಯುವವಳು ನಾನು. "ನಿನ್ ಕೈಗೆ ಸುಮ್ನಿರೋಕೇ ಬರಲ್ವೇನೇ" ಎಂದು ಅಮ್ಮ ಬೈಯುತ್ತಿದ್ದಳು. ಆ ಚಟವನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಹಳೆಯ ಕಾಗದದ ಫೈಲುಗಳನ್ನು ಸ್ಕ್ಯಾನ್ ಮಾಡಿಸಿ, ಹೆಸರು ನಂಬರು ಕೊಟ್ಟು, ಹುಡುಕಿದ ತಕ್ಷಣ ಸಿಗುವ ಹಾಗೆ ಕಂಪ್ಯೂಟರಿಗೆ ಸೇರಿಸುವುದು ನನ್ನ ಕೆಲಸ. ಆ ನರ್ಸಿಂಗ್ ಹೋಮಿನ ರೆಕಾರ್ಡ್ ರೂಮಿಗೆ ಕಾಲಿಟ್ಟ ಮೊದಲ ದಿನ ಮಾಡಿದ್ದೂ ಅದನ್ನೇ. ರ್‍ಯಾಕುಗಳಲ್ಲಿ ಅಲ್ಲೊಂದು ಇಲ್ಲೊಂದು ತಲೆಕೆಳಗಾಗಿ ನಿಂತಿದ್ದ ಫೈಲುಗಳನ್ನೆಲ್ಲ ನೆಟ್ಟಗೆ ಮಾಡಿದೆ.

ನರ್ಸಿಂಗ್ ಹೋಮ್ ಇರುವುದು ತುಮಕೂರಿನಲ್ಲಿ, ಸದಾಶಿವನಗರದ ನನ್ನ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ನಡೆಸುವವರು ಎಪ್ಪತ್ತು ದಾಟಿದ ಡಾಕ್ಟರಮ್ಮ. ಗುಬ್ಬಿಯಲ್ಲೂ ಅವರದೊಂದು ಸಣ್ಣ ಹೆರಿಗೆ ಆಸ್ಪತ್ರೆ ಇತ್ತು. ವಾರಕ್ಕೆ ನಾಲ್ಕು ಸಲ ಓಡಾಡಲು ಮೈ ಒಪ್ಪದೆ ನಾಲ್ಕು ವರ್ಷದ ಹಿಂದೆ ಅದನ್ನು ಮುಚ್ಚಿದ್ದರು. ಅಲ್ಲಿಯ ಫೈಲುಗಳು ಮೂಟೆಗಳಲ್ಲಿ ಬಂದು ಇಲ್ಲಿಯ ರ್‍ಯಾಕು ಸೇರಿದ್ದವು. ಎಲ್ಲ ಸೇರಿ ಮೂರು ಕೋಣೆ ತುಂಬ ಕಾಗದ. ಒಂದು ಕೋಣೆಯ ಗೋಡೆಯಿಂದ ಗೆದ್ದಲು ಆಗಲೇ ಊಟಕ್ಕೆ ಕೂತಿತ್ತು. "ಇದಕ್ಕೊಂದು ದಾರಿ ಮಾಡಿಕೊಡಮ್ಮ. ನನ್ನ ಕಾಲ ಮುಗಿದ ಮೇಲೂ ಯಾರಾದ್ರೂ ಬಂದು ಕೇಳಿದ್ರೆ ಸಿಗ್ಬೇಕು" ಅಂದರು ಡಾಕ್ಟರಮ್ಮ. ಅವರು ಕೇಳಿದ್ದು ಅಷ್ಟೇ.

ಆ ಕೋಣೆಗಳನ್ನು ಮೂವತ್ತು ವರ್ಷದಿಂದ ನೋಡಿಕೊಂಡವರು ಒಬ್ಬ ವಯಸ್ಸಾದ ಸಾಹೇಬರು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಚಾಚಾ. ನಾನು ಕೆಲಸ ಶುರುಮಾಡುವ ಹೊತ್ತಿಗೇ ಅವರಿಗೆ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಗಿತ್ತು. ಒಂದಾದ ಮೇಲೊಂದು, ಎರಡೂ ಕಣ್ಣು. ಧೂಳಿನ ಹತ್ತಿರ ಸುಳಿಯಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದರಿಂದ ಎರಡು ತಿಂಗಳು ರಜ ಹಾಕಿದ್ದರು. ಬೀಗದ ಕೈ ಗೊಂಚಲು ನನ್ನ ಕೈಗಿಟ್ಟು ಹೇಳಿದರು:

"ಅಮ್ಮಾ, ರ್‍ಯಾಕಲ್ಲಿ ಹೆಂಗೈತೋ ಹಂಗೇ ತಕ್ಕೊಳಿ, ಹಂಗೇ ಇಡಿ. ಮೇಲೆಕೆಳಗೆ ಮಾಡ್ಬೇಡಿ. ನಾನು ಬಂದ್ಮೇಲೆ ಒಂದೊಂದೇ ಹೇಳ್ತೀನಿ."

"ಆಯ್ತು ಚಾಚಾ" ಅಂದೆ. ಮನಸ್ಸಿನಲ್ಲಿ ನಕ್ಕೆ. ಎಲ್ಲ ರೆಕಾರ್ಡ್ ರೂಮಿನಲ್ಲೂ ಇಂಥ ಒಬ್ಬರು ಇರುತ್ತಾರೆ. ತಾವಿಲ್ಲದಿದ್ದರೆ ಒಂದು ಹಾಳೆಯೂ ಸಿಗಬಾರದು ಅನ್ನುವವರು. ಚಾಚಾನೂ ಅದೇ ಜಾತಿ ಅಂದುಕೊಂಡೆ. ಅವರು ಗೇಟು ದಾಟಿ ಅರ್ಧ ಗಂಟೆಯಾಗಿರಲಿಲ್ಲ, ನಾನು ಏಣಿ ಹಾಕಿಕೊಂಡು ಫೈಲುಗಳನ್ನು ನೆಟ್ಟಗೆ ಮಾಡಲು ಹತ್ತಿದ್ದೆ.

ಕೆಲಸದ ಕ್ರಮ ಹೀಗಿತ್ತು. ಫೈಲು ಬಿಚ್ಚಿ ಪಿನ್ನು, ದಾರ, ಗುಂಡುಸೂಜಿ ತೆಗೆಯುವುದು. ಮಡಿಚಿದ ಹಾಳೆಗಳನ್ನು ನೀವಿ ಸಪಾಟು ಮಾಡುವುದು. ಸ್ಕ್ಯಾನ್ ಮಾಡುವುದು. ಆಮೇಲೆ ಮೊದಲ ಹಾಳೆ ನೋಡಿಕೊಂಡು ತಾಯಿಯ ಹೆಸರು, ಊರು, ಫೋನ್ ನಂಬರು, ಮಗು ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂದು ತುಂಬಿಸುವುದು. ಸ್ಕ್ಯಾನಿಂಗಿಗೆ ಇಬ್ಬರನ್ನು ಇಟ್ಟುಕೊಂಡಿದ್ದೆ. ಗುಬ್ಬಿಯ ಫೈಲುಗಳಿಗೆ ಗೆದ್ದಲು ಹತ್ತಿದ್ದರಿಂದ ಅವನ್ನೇ ಮೊದಲು ಹಿಡಿದೆವು.

ಮೂರನೇ ದಿನಕ್ಕೇ ತೊಡಕು ಬಂತು. ಡಾಕ್ಟರಮ್ಮನ ಕೇಸ್ ಶೀಟುಗಳ ಗೆರೆ, ಚೌಕ, ಆಸ್ಪತ್ರೆಯ ಹೆಸರು ಎಲ್ಲ ನೇರಳೆ ಬಣ್ಣದಲ್ಲಿ ಅಚ್ಚಾಗಿದ್ದವು. ಯಾವ ಕಾಲದಲ್ಲೋ ಪ್ರೆಸ್ಸಿನವನು ಹಾಗೆ ಮಾಡಿಕೊಟ್ಟಿದ್ದ; ಅವರಿಗೆ ಚೆಂದ ಕಂಡು ಹಾಗೇ ಮುಂದುವರಿಸಿದ್ದರು. ಸ್ಕ್ಯಾನ್ ಮಾಡಿದರೆ ಗೆರೆಯ ಮೇಲೆ ಗೆರೆ ಬಿದ್ದು ಕೈಬರಹವೇ ಕಾಣುತ್ತಿರಲಿಲ್ಲ. ಸ್ಕ್ಯಾನರಿನಲ್ಲಿ ಒಂದು ಸೌಲಭ್ಯವಿರುತ್ತದೆ. ಇಂಥ ಬಣ್ಣ ಬೇಡ ಎಂದು ಹೇಳಿದರೆ ಅದು ಆ ಬಣ್ಣವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳುತ್ತದೆ. ನಾನು ನೇರಳೆ ಬೇಡ ಎಂದು ಹೇಳಿದೆ. ಡಾಕ್ಟರಮ್ಮನೂ ನರ್ಸುಗಳೂ ಕಪ್ಪು ಪೆನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹಾಳೆ ಹಾಲಿನಷ್ಟು ಬೆಳ್ಳಗೆ ಬಂತು, ಅದರ ಮೇಲೆ ಕರಿ ಅಕ್ಷರ ಮಾತ್ರ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಡಾಕ್ಟರಮ್ಮನಿಗೆ ತೋರಿಸಿದಾಗ "ನನ್ನ ಅಕ್ಷರ ಇಷ್ಟು ಚೆನ್ನಾಗಿದೆಯಾ" ಎಂದು ಅವರೂ ನಕ್ಕರು.

ಐವತ್ತಕ್ಕೊಂದು ಫೈಲನ್ನು ಕಾಗದದ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದೆ. ಬರೆದದ್ದೆಲ್ಲ ಬಂದಿದೆಯೇ ಎಂಬುದೊಂದೇ ನನ್ನ ಪರೀಕ್ಷೆ. ಕೂಸಿನ ಹಾಳೆಯಲ್ಲಿ ಒಂದು ಚೌಕವಿತ್ತು. ಹುಟ್ಟಿದ ಮಗುವಿನ ಅಂಗಾಲಿಗೆ ಸ್ಟ್ಯಾಂಪ್ ಪ್ಯಾಡಿನ ಇಂಕು ಹಚ್ಚಿ ಅದರಲ್ಲಿ ಒತ್ತುತ್ತಿದ್ದರು. ಪರದೆಯ ಮೇಲೆ ಆ ಚೌಕವೂ ಇರಲಿಲ್ಲ, ಪಾದವೂ ಇರಲಿಲ್ಲ. ನೋಡಿದೆ. ನೋಡಿಯೂ ಬಿಟ್ಟೆ. ಬದುಕಿ ಶಾಲೆಗೆ ಹೋಗುತ್ತಿರುವ ಮಗುವಿನ ಪಾದದ ಗುರುತು ಯಾರಿಗೆ ಬೇಕು ಎಂದುಕೊಂಡೆ. ಮಗುವಿನ ಸ್ಥಿತಿ ಎಂಬ ಜಾಗಕ್ಕೆ, ಬೇರೇನೂ ಕಾಣದಿದ್ದರೆ 'ಜೀವಂತ' ಎಂದು ತಾನಾಗಿಯೇ ತುಂಬಿಕೊಳ್ಳುವ ಹಾಗೆ ಮಾಡಿದವಳೂ ನಾನೇ. ಒಂದೊಂದು ಫೈಲಿಗೆ ಅರ್ಧ ನಿಮಿಷ ಉಳಿಯಿತು.

ಗುಬ್ಬಿಯ ಫೈಲುಗಳು ಮುಗಿದವು. ಮೂರು ವರ್ಷ ದಾಟಿದ ಕಾಗದ ಸ್ಕ್ಯಾನ್ ಆದ ಮೇಲೆ ವಿಲೇವಾರಿ ಎಂದು ಮೊದಲೇ ಒಪ್ಪಂದವಾಗಿತ್ತು. ಹಳೇ ಪೇಪರಿನ ವ್ಯಾಪಾರಿಯ ಟೆಂಪೋ ಬಂತು. ಚೀಟಿಯ ಮೇಲೆ ಸೈನು ಹಾಕಿದೆ. ಒಂದು ಕೋಣೆ ಖಾಲಿಯಾಯಿತು. ಗೋಡೆಗೆ ಗೆದ್ದಲಿನ ಔಷಧಿ ಹೊಡೆಸಿ, ನೆಲ ತೊಳೆಸಿ, ಬಾಗಿಲಲ್ಲಿ ನಿಂತು ನೋಡಿದಾಗ ನಿಜವಾಗಿಯೂ ಸಂತೋಷವಾಯಿತು.

ಆ ವಾರ ಮೆಸೇಜುಗಳನ್ನೂ ಶುರುಮಾಡಿದೆ. ಮಗುವಿಗೆ ಐದು ತುಂಬಿದ ದಿನ ತಾಯಿಯ ಫೋನಿಗೆ ಹುಟ್ಟುಹಬ್ಬದ ಶುಭಾಶಯ, ಜೊತೆಗೆ ಲಸಿಕೆಯ ನೆನಪು. ಡಾಕ್ಟರಮ್ಮನ ಹೆಸರಿನಲ್ಲಿ ಹೋಗುತ್ತಿತ್ತು.

ನಾಲ್ಕನೇ ದಿನ ಬೆಳಗ್ಗೆ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೇ ಒಬ್ಬ ಹೆಣ್ಣುಮಗಳು ಬಂದು ಕೂತಿದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಕೈಯಲ್ಲಿ ಫೋನು ಬಿಗಿಯಾಗಿ ಹಿಡಿದಿದ್ದಳು. ರಿಸೆಪ್ಷನ್‌ನವರಿಗೆ ಏನೂ ಹೇಳದೆ, ಮೆಸೇಜ್ ಕಳಿಸಿದವರನ್ನು ನೋಡಬೇಕು ಎಂದಷ್ಟೇ ಹಟ ಹಿಡಿದಳಂತೆ. ನನ್ನ ಬಳಿ ಕಳಿಸಿದರು.

"ಇದು ನೀವ್ ಕಳ್ಸಿದ್ದಾ ಮೇಡಂ?"

ನೋಡಿದೆ. 'ನಿಮ್ಮ ಮಗುವಿಗೆ ಐದನೇ ಹುಟ್ಟುಹಬ್ಬದ ಶುಭಾಶಯಗಳು. ಐದು ವರ್ಷದ ಲಸಿಕೆಗೆ ಮರೆಯದೆ ಬನ್ನಿ.'

"ಹೌದಮ್ಮ. ಲಸಿಕೆಗೆ ಬಂದ್ರಾ? ಮಗು ಎಲ್ಲಿ?"

ಆ ಮಾತನ್ನು ನಾನು ಆಡಿದೆ. ಇವತ್ತಿಗೂ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

"ಅದನ್ನೇ ಕೇಳಕ್ಕೆ ಬಂದಿದೀನಿ," ಅಂದಳು. "ನನ್ ಮಗು ಎಲ್ಲೈತೆ?"

ಅವಳ ದನಿ ಏರಲಿಲ್ಲ. ನಾನು ಕುರ್ಚಿ ಎಳೆದು ಕೂರಿಸಿದೆ. ನಿಧಾನಕ್ಕೆ ಹೇಳಿದಳು. ಕೊಟ್ಟ ಊರು ಕುಣಿಗಲ್ ಕಡೆ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ. ತವರು ಗುಬ್ಬಿ ತಾಲ್ಲೂಕು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಗ ಫಿಟ್ಸ್ ಬಂದು, ಗುಬ್ಬಿಯ ಆಸ್ಪತ್ರೆಯಲ್ಲಿ ಮಗು ತೆಗೆದು, ಪ್ರಜ್ಞೆಯಿಲ್ಲದ ಅವಳನ್ನು ತುಮಕೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರು. ಅವಳ ಜೊತೆ ತಾಯಿಯೂ ಗಂಡನೂ ಹೋಗಿದ್ದರು. ಮಗುವಿನ ಜೊತೆ ಗುಬ್ಬಿಯಲ್ಲಿ ಉಳಿದವನು ಅವಳ ಅಪ್ಪ ಒಬ್ಬನೇ. ನಾಲ್ಕು ದಿನಕ್ಕೆ ಎಚ್ಚರವಾದಾಗ ಅಪ್ಪ ಬಂದು, ಗಂಡುಮಗು ಅದೇ ಸಂಜೆ ತೀರಿಹೋಯಿತು, ಮಣ್ಣು ಮಾಡಿದೆ, ಮರೆತುಬಿಡವ್ವ ಅಂದಿದ್ದ.

"ನಾನು ಮುಖಾನೇ ನೋಡ್ಲಿಲ್ಲ. ನಮ್ಮವ್ವನೂ ನೋಡ್ಲಿಲ್ಲ, ಇವ್ರೂ ನೋಡ್ಲಿಲ್ಲ. ಅಪ್ಪ ಹೇಳಿದ್ದೇ ಸತ್ಯ ಅನ್ಕಂಡಿದ್ವಿ. ಈಗ ನೀವು ಹುಟ್ಟಿದಬ್ಬ ಅಂತೀರ. ಸತ್ತಿರೋ ಮಗೀಗೆ ಯಾರಾದ್ರೂ ಸೂಜಿ ಹಾಕುಸ್ಕಳಿ ಅಂತಾರಾ? ಅಪ್ಪ ಯಾರಿಗಾದ್ರೂ ಕೊಟ್ಬುಟ್ನಾ? ಅಪ್ಪನ್ನ ಕೇಳಣ ಅಂದ್ರೆ ಹೋದ್ವರ್ಷ ಅವ್ನೂ ತೀರ್ಕಂಡ."

ಮನೆಯಲ್ಲಿ ಎರಡು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಯಡಿಯೂರಿಗೆ ಪೂಜೆ ಮಾಡಿಸಲು ಹೋಗುತ್ತೇನೆಂದು ಹೇಳಿ, ತುಮಕೂರಿನ ಬಸ್ಸು ಹತ್ತಿದ್ದಳು. ಮೂರು ದಿನದಿಂದ ಯಾರಿಗೂ ಹೇಳಿಲ್ಲ.

ಅವಳ ಹೆಸರಿನ ಜೊತೆ ಗಂಡನ ಹೆಸರು ಹಾಕಿ ಹುಡುಕಿದೆ, ಬರಲಿಲ್ಲ. ಚೊಚ್ಚಲು ತವರಿನದು ಎಂದು ಹೊಳೆದು ಅಪ್ಪನ ಹೆಸರು ಹಾಕಿದೆ. ಅರೆಕ್ಷಣದಲ್ಲಿ ಫೈಲು ಬಂತು. ಅಷ್ಟು ಬೇಗ ಬಂದದ್ದಕ್ಕೆ ಹಿಂದೆಲ್ಲ ಖುಷಿಪಡುತ್ತಿದ್ದೆ. ತಾಯಿಯ ಹಾಳೆಗಳೆಲ್ಲ ಸರಿಯಾಗಿದ್ದವು. ಕೂಸಿನದು ಒಂದೇ ಹಾಳೆ. ಗಂಡು ಎಂದಿತ್ತು, ತೂಕವಿತ್ತು, ಹುಟ್ಟಿದ ಹೊತ್ತು ಇತ್ತು. ಕೆಳಗೆ ಬೆಳ್ಳನೆಯ ಜಾಗದ ನಡುವೆ, ಹಿಂದೆಮುಂದೆ ಏನೂ ಇಲ್ಲದೆ, 6.40 ಎಂದು ಕರಿ ಪೆನ್ನಿನಲ್ಲಿ ಬರೆದಿತ್ತು. ಅದೇನೆಂದು ನನಗೆ ತಿಳಿಯಲಿಲ್ಲ.

ಚಾಚಾನಿಗೆ ಫೋನ್ ಮಾಡಿದೆ. ಎರಡನೇ ಕಣ್ಣಿನ ಆಪರೇಷನ್ ಆಗಿ ಹತ್ತು ದಿನವಾಗಿತ್ತಷ್ಟೇ. ಆಟೋ ಹಿಡಿದು, ಕರಿ ಕನ್ನಡಕ ಹಾಕಿಕೊಂಡು ಬಂದರು. ಪರದೆಯ ಹತ್ತಿರ ಮುಖ ತಂದು ನೋಡಿ, ಕನ್ನಡಕ ತೆಗೆದು ಮತ್ತೆ ನೋಡಿದರು.

"ಮೊಹರು ಎಲ್ಲಿ ಹೋಯ್ತಮ್ಮ?"

"ಯಾವ ಮೊಹರು ಚಾಚಾ?"

"ಮಗು ಹೋದ್ರೆ ಇಲ್ಲಿ ಮೊಹರು ಹಾಕ್ತಾರೆ, ಮರಣ ಅಂತ. ಅದರೊಳಗೆ ಹೊತ್ತು ಬರೀತಾರೆ. ಆರೂ ನಲವತ್ತು ಅಂತ ಐತಲ್ಲ, ಇದೇ ಅದು. ಮೊಹರೂ ಇಲ್ಲ. ಪಾದ ಒತ್ತಿರ್ತಾರೆ, ಪಾದಾನೂ ಇಲ್ಲ. ನೇರಳೆ ಎಲ್ಲ ಎಲ್ಲೋಯ್ತು?"

ಮೊಹರಿಗೂ ಪಾದಕ್ಕೂ ಒಂದೇ ಸ್ಟ್ಯಾಂಪ್ ಪ್ಯಾಡು, ಅದರ ಇಂಕೂ ನೇರಳೆ. ನೇರಳೆ ಬೇಡ ಎಂದವಳು ನಾನು. ಹೇಳಿದೆ. ಹೇಳುವಾಗ ಆ ಹೆಣ್ಣುಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಚಾಚಾ ಎದ್ದು ರೆಕಾರ್ಡ್ ರೂಮಿನ ಬಾಗಿಲವರೆಗೆ ಹೋದರು. ಖಾಲಿ ಗೋಡೆ ನೋಡಿದರು. ಪಕ್ಕದ ಕೋಣೆಯಲ್ಲಿ ನಾನು ಒಪ್ಪವಾಗಿ ನಿಲ್ಲಿಸಿದ್ದ ಸಾಲುಗಳನ್ನು ನೋಡಿದರು.

"ಎಲ್ಲಾ ನೆಟ್ಟಗೆ ಮಾಡ್ಬುಟ್ರಾ?"

ಆಗ ಹೇಳಿದರು. ಮಗು ಉಳಿಯದ ತಾಯಂದಿರ ಫೈಲನ್ನು ಅವರು ತಲೆಕೆಳಗಾಗಿ ಇಡುತ್ತಿದ್ದರು. ಲಸಿಕೆಗೆ ಬನ್ನಿ ಎಂದು ಮೊದಲು ಕಾರ್ಡು ಬರೆಯುತ್ತಿದ್ದದ್ದು, ಆಮೇಲೆ ಫೋನ್ ಮಾಡುತ್ತಿದ್ದದ್ದು ಅವರೇ. ರ್‍ಯಾಕಿನಿಂದ ಸಾಲಾಗಿ ತೆಗೆದು ಬರೆಯುವಾಗ ಕೈ ತಪ್ಪಿ ಅಂಥ ಮನೆಗೆ ಹೋಗಬಾರದು, ಅದಕ್ಕೆ. ಗುಬ್ಬಿಯ ಮೂಟೆಗಳನ್ನು ಬಿಚ್ಚಿದಾಗಲೂ ಒಂದೊಂದೇ ಮೊಹರು ನೋಡಿ ಹಾಗೆ ಇಟ್ಟಿದ್ದರು. ಬರೆದಿಟ್ಟುಕೊಂಡಿರಲಿಲ್ಲ. "ಬರೆದ್ರೆ ಯಾರಾದ್ರೂ ಓದ್ತಾರಲ್ಲಮ್ಮ. ತಾಯಿ ಎದುರುಗಡೇನೇ ಫೈಲ್ ತೆಗೀತೀವಿ, ಅವಳ ಕಣ್ಣಿಗೆ ಬೀಳಬಾರ್ದು ಅಂತ." ಮೂವತ್ತು ವರ್ಷದಲ್ಲಿ ಒಂದು ಕಾರ್ಡೂ ತಪ್ಪಿ ಹೋಗಿರಲಿಲ್ಲವಂತೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೊದಲು ಮೆಸೇಜು ನಿಲ್ಲಿಸಿದೆ. ಆಮೇಲೆ ಡಾಕ್ಟರಮ್ಮನ ಕೋಣೆಗೆ ಮೂವರೂ ಹೋದೆವು. ತಪ್ಪೆಲ್ಲ ಸಾಫ್ಟ್‌ವೇರಿನ ಮೇಲೆ ಹಾಕಬಹುದಿತ್ತು. ಈ ಕಸುಬಿನಲ್ಲಿ ಅದೊಂದು ಅನುಕೂಲ, ಅದಕ್ಕೆ ಬಾಯಿಲ್ಲ. ಆದರೆ ಚಾಚಾ ಪಕ್ಕದಲ್ಲೇ ನಿಂತಿದ್ದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಡಾಕ್ಟರಮ್ಮ ನನ್ನ ಕಡೆ ತಿರುಗಲಿಲ್ಲ. ಮಾತಾಡಿದ್ದು ಆ ಹೆಣ್ಣುಮಗಳ ಜೊತೆ.

"ನನ್ನ ಹೆಸರಲ್ಲಿ ಬಂದಿದೆ ತಾಯಿ ಆ ಮೆಸೇಜು. ತಪ್ಪು ನಂದು. ನಿನ್ನ ಮಗು ಉಳೀಲಿಲ್ಲ. ನಾನೇ ಇದ್ದೆ."

"ನೀವೆಲ್ಲ ಒಂದೇ ಅಲ್ವಾ," ಅಂದಳು ಅವಳು. "ಮೊದ್ಲು ಅಪ್ಪ ಹೇಳ್ದ, ಆಮೇಲೆ ಫೋನ್ ಹೇಳ್ತು, ಈಗ ನೀವ್ ಹೇಳ್ತೀರ. ನಾನ್ ಯಾವ್ದನ್ನ ನಂಬ್ಲಿ?"

ಉತ್ತರ ಕೊಟ್ಟವರು ಚಾಚಾ. ಗುಬ್ಬಿಯ ಹೆರಿಗೆ ವಾರ್ಡಿನ ದಪ್ಪ ರಿಜಿಸ್ಟರುಗಳು ಡಾಕ್ಟರಮ್ಮನ ಬೀರುವಿನಲ್ಲಿದ್ದವು. ಹೊಲಿದ ಪುಸ್ತಕ ಸ್ಕ್ಯಾನರಿಗೆ ಹೋಗುವುದಿಲ್ಲ ಎಂದು ನಾನೇ ಅವನ್ನು ಪಟ್ಟಿಯಿಂದ ಹೊರಗಿಟ್ಟಿದ್ದೆ. ಉಳಿದದ್ದು ಅದರಿಂದಲೇ. ಚಾಚಾ ಪುಟ ತಿರುವಿದರು, ಕಣ್ಣಿಗೆ ಸ್ಪಷ್ಟವಾಗದೆ ನನಗೆ ಕೊಟ್ಟರು. ಸಾಲು ಸಿಕ್ಕಿತು. ಗಂಡು, ಸಂಜೆ 6.40ಕ್ಕೆ ಮರಣ. ದೇಹ ಪಡೆದವರು ತಾತ. ಪಕ್ಕದಲ್ಲಿ ಒಂದು ಸೈನು. ಹೆಸರು ಬರೆಯುವುದನ್ನು ಮಾತ್ರ ಕಲಿತವರ ದೊಡ್ಡ ದೊಡ್ಡ ಅಕ್ಷರ, ಕೊನೆಯ ಅಕ್ಷರಕ್ಕೆ ಉದ್ದನೆಯ ಬಾಲ.

ಅವಳು ಆ ಬಾಲದ ಮೇಲೆ ಬೆರಳಾಡಿಸಿದಳು.

"ಅಪ್ಪಂದೇ. ಹಿಂಗೇ ಎಳೀತಿದ್ದ."

ಆಮೇಲೆ ಅತ್ತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ತುಂಬ ಹೊತ್ತು. "ಮೂರು ದಿನದಿಂದ ಮನಸಲ್ಲೇ ಬಾಯಿಗ್ ಬಂದಂಗೆ ಬೈದಿದೀನಿ ಮೇಡಂ ಅಪ್ಪನ್ನ. ಮಗ ಮಾರ್ಕಂಡ ಅಂದಿದೀನಿ. ಒಬ್ಬನೇ ಎತ್ಕಂಡ್ ಹೋಗಿದಾನೆ ನೋಡಿ, ಒಬ್ಬನೇ." ನನಗೂ ತಡೆಯಲಾಗಲಿಲ್ಲ, ಕಿಟಕಿಯ ಕಡೆ ತಿರುಗಿದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಚಾಚಾನನ್ನು ಕೇಳಿದಳು: "ಯಜಮಾನ್ರೇ, ಪಾದ ಒತ್ತಿರ್ತಾರೆ ಅಂದ್ರಲ್ಲ. ನಂದೂ ಒತ್ತಿದ್ರಾ?"

"ಎಲ್ಲಾ ಮಕ್ಕಳ್ದೂ ಒತ್ತುತಾರೆ ತಾಯಿ."

"ಅದನ್ನೊಂದ್ಸಲ ನೋಡ್ಬೇಕು ನಾನು."

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಹುಡುಕಿಸಿ ಫೋನ್ ಮಾಡುತ್ತೇನೆ ಅಂದೆ.

ಅವತ್ತು ಮಧ್ಯಾಹ್ನವೇ ಊರಾಚೆಯ ಗೋಡೌನಿಗೆ ಹೋದೆ. ವ್ಯಾಪಾರಿ ಚೀಟಿ ತೆಗೆದು ತೋರಿಸಿದ. "ಗುಬ್ಬಿ ಲಾಟಲ್ಲಿ ಮುಕ್ಕಾಲು ಭಾಗ ಹೋದ್ವಾರನೇ ಪೇಪರ್ ಮಿಲ್ಲಿಗೆ ಹೋಯ್ತಲ್ಲ ಮೇಡಂ. ನಿಮ್ ಸೈನೇ ಐತೆ ನೋಡಿ." ಉಳಿದದ್ದು ಬೇರೆ ಆಫೀಸುಗಳ ಕಾಗದದ ಜೊತೆ ಬೆರೆತು, ಒತ್ತಿ ಕಟ್ಟಿದ ಪಿಂಡಿಗಳಾಗಿತ್ತು. ಬಿಚ್ಚಿ ನೋಡಬಹುದು, ಮತ್ತೆ ಕಟ್ಟಿಸುವ ಕೂಲಿ ನೀವೇ ಕೊಡಿ ಅಂದ. ಒಪ್ಪಿದೆ.

ಚಾಚಾನೂ ಬಂದರು. ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಸೊಸೆ ಬೈತಾಳೆ, ಬೈಲಿ ಬುಡಿ. ಇಷ್ಟು ದಿನ ಕಾಯ್ದೋನು ನಾನು" ಅಂದರು. ಕನ್ನಡಕದ ಮೇಲೊಂದು ಒದ್ದೆ ಕರ್ಚೀಫು ಕಟ್ಟಿಕೊಂಡು ಗೋಣಿಚೀಲದ ಮೇಲೆ ಕೂತರು. ಅವರಿಗೆ ಓದಲು ಆಗುತ್ತಿರಲಿಲ್ಲ. ಹಾಳೆಯನ್ನು ಬೆರಳಿನಿಂದ ಮುಟ್ಟಿ "ಇದು ನಮ್ದು, ಇದು ನಮ್ದಲ್ಲ" ಅನ್ನುತ್ತಿದ್ದರು, ಒಂದೂ ತಪ್ಪಲಿಲ್ಲ. ನಮ್ಮದು ಅಂದದ್ದನ್ನು ನಾನು ಓದುತ್ತಿದ್ದೆ. ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ಕೆಮ್ಮಿ ಕೆಮ್ಮಿ ನನ್ನ ಗಂಟಲು ಕಟ್ಟಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಸಾವಿರ ಸಲ ಹೇಳಿದ್ದಳು. ಆ ಗೋಡೌನಿನಲ್ಲಿ ಕೂತು ಸಾವಿರ ಸಲವೂ ನೆನೆಸಿಕೊಂಡೆ.

ಮೂರನೆಯ ದಿನ ಅವಳ ಫೈಲು ಸಿಕ್ಕಿತು. ಅಂದರೆ ಫೈಲಿನ ರಟ್ಟು ಸಿಕ್ಕಿತು. ರಟ್ಟನ್ನೂ ಹಾಳೆಯನ್ನೂ ಬೇರೆ ಮಾಡಿಯೇ ತೂಕಕ್ಕೆ ಹಾಕುತ್ತಾರೆ. ರಟ್ಟಿನ ಮೇಲೆ ಅವಳ ಹೆಸರು, ಅಪ್ಪನ ಹೆಸರು, ಊರು. ಒಳಗೆ ಏನೂ ಇಲ್ಲ. ಆದರೂ ಆಸೆ ಬಂತು. ಸುತ್ತಲಿನ ಪಿಂಡಿಗಳನ್ನೆಲ್ಲ ಬಿಚ್ಚಿಸಿದೆ. ನಾಲ್ಕನೆಯ ದಿನ ಸಂಜೆಗೆ ಬಿಚ್ಚಲು ಪಿಂಡಿ ಉಳಿಯಲಿಲ್ಲ.

ಈಗ ಹೇಳುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಹುಡುಕುವಾಗ ಬೇರೆ ಮಕ್ಕಳ ಹಾಳೆಗಳು ಸಿಕ್ಕಿದ್ದವು. ಅವುಗಳಲ್ಲಿ ಒಂದು ಅಚ್ಚುಕಟ್ಟಾಗಿ ಉಳಿದಿತ್ತು. ಹೆಸರಿದ್ದ ಮೇಲ್ಭಾಗ ಹರಿದುಹೋಗಿತ್ತು. ಗಂಡು ಎಂದಿತ್ತು. ಚೌಕದೊಳಗೆ ನೇರಳೆ ಬಣ್ಣದ ಪುಟ್ಟ ಪಾದ, ಐದೂ ಬೆರಳು ಸ್ಪಷ್ಟ. ಅವಳಿಗೆ ಹೇಗೆ ತಿಳಿಯುತ್ತದೆ ಎಂದುಕೊಂಡೆ. ಮನಸ್ಸಿಗೆ ಸಮಾಧಾನವಾದರೆ ಸಾಕಲ್ಲ, ಇದರಲ್ಲಿ ಯಾರಿಗೆ ನಷ್ಟ ಎಂದುಕೊಂಡೆ. ಆ ಹಾಳೆಯನ್ನು ಅವಳ ರಟ್ಟಿನೊಳಗೆ ಇಟ್ಟು, ದಾರ ಕಟ್ಟಿ, ಬ್ಯಾಗಿಗೆ ಹಾಕಿಕೊಂಡೆ. ಅಲ್ಲೂ ನನ್ನ ಚಟ ಬಿಡಲಿಲ್ಲ. ದಾರದ ಗಂಟು ನೆಟ್ಟಗಿದೆಯೇ ಎಂದು ನೋಡಿದೆ.

ಚಾಚಾ ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡು ತಲೆ ಮೇಲೆತ್ತಿ ಕೂತಿದ್ದರು. ಕಾಣಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ.

"ಅದು ಬೇರೆ ತಾಯೀದು, ಅಮ್ಮ" ಅಂದರು.

ನನ್ನ ಕೈ ಬ್ಯಾಗಿನ ಮೇಲೇ ಇತ್ತು.

"ಆಯಮ್ಮ ಅದನ್ನ ದೇವರ ಮನೇಲಿ ಇಟ್ಕೋತಾಳೆ. ದಿನಾ ಮುಟ್ತಾಳೆ. ಆ ಮಗು ಎಲ್ಲೋ ಓಡಾಡ್ಕೊಂಡಿರ್ತದೆ." ಡ್ರಾಪ್ಸ್ ಬಾಟಲಿಗೆ ಮುಚ್ಚಳ ಹಾಕಿ ಹೇಳಿದರು: "ಇಲ್ಲ ಅಂದ್ರೆ ಇಲ್ಲ ಅಂತ ಹೇಳಣ. ಒಂದ್ಸಲ ಅವಳಿಗೆ ಸುಳ್ಳು ಹೋಗೈತೆ, ಸಾಕು."

ದಾರ ಬಿಚ್ಚಿ ಹಾಳೆ ಹೊರಗೆ ತೆಗೆದೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ತೆಗೆದುಕೊಂಡ ತೀರ್ಮಾನ ಅಂತ ಹೇಳಿಕೊಳ್ಳುವುದಾದರೆ ಅದೊಂದೇ, ಅದೂ ಪೂರ್ತಿ ನನ್ನದಲ್ಲ.

ಅವಳು ಬಂದದ್ದು ಮುಂದಿನ ಸೋಮವಾರ. ಈ ಸಲ ಮನೆಯಲ್ಲಿ ಹೇಳಿಯೇ ಬಂದಿದ್ದಳು. ರೆಕಾರ್ಡ್ ರೂಮಿನಲ್ಲಿ, ಖಾಲಿಯಾದ ಕೋಣೆಯಲ್ಲೇ ಕೂತೆವು. ಖಾಲಿ ರಟ್ಟನ್ನು ಅವಳ ಕೈಗಿಟ್ಟೆ. ಹಾಳೆ ಮಿಲ್ಲಿಗೆ ಹೋಗಿ ಕರಗಿಹೋಗಿದೆ, ಕಳಿಸಿದವಳು ನಾನು, ಮತ್ತೆ ಸಿಗುವುದಿಲ್ಲ ಎಂದು ಒಂದೊಂದನ್ನೂ ಹೇಳಿದೆ. ಕ್ಷಮಿಸಿ ಅನ್ನುವ ಮಾತು ಎಷ್ಟು ಸಣ್ಣದು ಎಂದು ಅವತ್ತು ತಿಳಿಯಿತು.

ಅವಳು ರಟ್ಟನ್ನು ತೆರೆದು ಒಳಗೆ ನೋಡಿದಳು. ಮುಚ್ಚಿದಳು. ಚಾಚಾನ ಕಡೆ ತಿರುಗಿದಳು.

"ಎಷ್ಟುದ್ದ ಇರ್ತದೆ ಯಜಮಾನ್ರೇ, ಪಾದ?"

ಚಾಚಾ ಬಲಗೈ ತೋರುಬೆರಳು ಚಾಚಿದರು. ಅದರ ಬುಡದಲ್ಲಿ ಎಡಗೈ ಹೆಬ್ಬೆರಳಿಟ್ಟು ತೋರಿಸಿದರು. "ಇಷ್ಟು. ಇದಕ್ಕಿಂತ ಒಂದು ಗೋಧಿಕಾಳಷ್ಟು ಕಮ್ಮಿ. ನಿಮ್ಮದು ತೂಕ ಕಮ್ಮಿ ಇದ್ದ ಮಗು."

ಅವಳು ತನ್ನ ತೋರುಬೆರಳನ್ನು ಎಡಗೈ ಅಂಗೈ ಮೇಲೆ ಮಲಗಿಸಿ, ಅವರು ತೋರಿಸಿದ ಅಳತೆಗೆ ಹೆಬ್ಬೆರಳನ್ನು ತಂದು ನಿಲ್ಲಿಸಿದಳು. ಹಾಗೇ ನೋಡುತ್ತಾ ಕೂತಳು.

ಆ ಕೆಲಸ ಮುಗಿಯಲು ಮತ್ತೆ ಐದು ತಿಂಗಳು ಹಿಡಿಯಿತು. ತುಮಕೂರಿನ ಕಾಗದ ಒಂದೂ ಹೊರಗೆ ಹೋಗಲಿಲ್ಲ. ಎಲ್ಲವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿದೆವು. ಗುಬ್ಬಿಯ ರಿಜಿಸ್ಟರುಗಳನ್ನು ಸಾಲು ಸಾಲಾಗಿ ಓದಿ, ತುಮಕೂರಿನ ಹಾಳೆಗಳ ಮೊಹರು ನೋಡಿ, ತಲೆಕೆಳಗಾಗಿ ನಿಂತಿದ್ದವು ಯಾವುವೆಂದು ಚಾಚಾ ಮತ್ತೆ ಹೇಳಿದರು. ಈಗ ಕಂಪ್ಯೂಟರಿನಲ್ಲಿ ಅದಕ್ಕೊಂದು ಗುರುತಿದೆ. ತಾಯಿ ಎದುರಿಗೆ ಕೂತಿದ್ದರೂ ಅವಳಿಗೆ ಗೊತ್ತಾಗುವುದಿಲ್ಲ. ಉಳಿದ ಎರಡು ಕೋಣೆಗಳ ರ್‍ಯಾಕಿನಲ್ಲಿ ತುಮಕೂರಿನವನ್ನು ಮೊದಲಿನ ಹಾಗೆ ತಿರುಗಿಸಿ ಇಟ್ಟವಳು ನಾನು.

ಆ ಸೋಮವಾರ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಕುಣಿಗಲ್ ಬಸ್ಸು ಬರಲು ಹೊತ್ತಿತ್ತು. ರಟ್ಟನ್ನು ಸೀರೆಯ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಸುಮ್ಮನಿರಲಾರದೆ ನಾನೇ ಕೇಳಿದೆ.

"ಆ ಮೆಸೇಜನ್ನ ನಿಮ್ಮ ಫೋನಿಂದ ಅಳಿಸಿಬಿಡ್ಲಾ?"

ಅವಳು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಬ್ಯಾಡ, ಇರ್ಲಿ ಬುಡಿ ಅಕ್ಕ. ಅವ್ನಿಗೆ ಅಂತ ಬಂದಿರೋದು ಇದೊಂದೇ."